ಇಂದ್ರಾಣಿಯನ್ನು ಯಾರೂ ಕೇಳಲಿಲ್ಲ

ಒಂಬತ್ತನೆಯ ಓಣಿ ಕಚೇರಿ, ಬೆಟಗೇರಿ
ಎರಡನೇ ಬೇಸಿಗೆಯ ನಲವತ್ತೊಂದನೆಯ ದಿನ, 2171

ಪ್ರತಿಭಾ ಮುಳಗುಂದ ಅಕ್ಕನವರಿಗೆ ಕಳಕವ್ವ ಹೊಂಬಳ ಮಾಡುವ ನಮಸ್ಕಾರಗಳು.

ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವ ಹಾಗಿಲ್ಲ. ನೀವು ತೀರಿಕೊಂಡು ಎಷ್ಟೋ ಕಾಲವಾಯಿತು, ಇತ್ತಲೂ ಹೇಳಿಕೊಳ್ಳುವಂಥ ಕ್ಷೇಮವಿಲ್ಲ. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮಳೆ ನಡುವೆ ಸಣ್ಣಗೆ ಬಂದು ಹೋಗುತ್ತದೆ. ಅದರ ಆಚೆಗೊಂದು ಬೇಸಿಗೆ, ಈಚೆಗೊಂದು ಬೇಸಿಗೆ. ತಿಂಗಳುಗಳ ಹೆಸರು ಪಂಚಾಂಗದಲ್ಲಿ ಮಾತ್ರ ಇವೆ, ಜನ ಬೇಸಿಗೆಯ ದಿನ ಎಣಿಸುತ್ತಾರೆ. ನನ್ನ ಮಾತಿನಲ್ಲಿ ಇನ್ನೂ ಕೆಲವು ನಿಮಗೆ ವಿಚಿತ್ರ ಎನಿಸಬಹುದು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನಗೀಗ ಐವತ್ತೆಂಟು. ನಮ್ಮ ಕಚೇರಿಯ ಗೋಡೆಯ ಮೇಲಿರುವ ಫೋಟೋದಲ್ಲಿ ನೀವು ಮೂವತ್ತನಾಲ್ಕರ ಹೆಣ್ಣುಮಗಳು. ಅಕ್ಕ ಎನ್ನಲೋ ಮಗಳೇ ಎನ್ನಲೋ ಎಂದು ಬಹಳ ಹೊತ್ತು ಯೋಚಿಸಿ, ಅಕ್ಕ ಎನ್ನುವುದೇ ಮರ್ಯಾದೆ ಎಂದುಕೊಂಡೆ.

ನಾನು ಒಡನಾಡಿ. ನಿಮ್ಮ ಕಾಲದಲ್ಲಿ ಈ ಕೆಲಸ ಮಾಡುವವರನ್ನು ಕೋಚ್ ಎನ್ನುತ್ತಿದ್ದರಂತೆ. ಮಕ್ಕಳ ಮನಸ್ಸು, ತಂದೆತಾಯಿಯ ಮನಸ್ಸು ಕೆಡದಂತೆ ಮನೆಮನೆಗೆ ಹೋಗಿ ಕೂತು ಕಲಿಸುವ ಕೆಲಸ. ನೀವು ಶಾಲೆಯ ಒಂದು ಕೋಣೆಯಲ್ಲಿ ಶನಿವಾರ ಹನ್ನೆರಡು ಜನ ತಾಯಂದಿರನ್ನು ಕೂಡಿಸಿಕೊಂಡು ಶುರು ಮಾಡಿದ್ದು ಈಗ ಸರ್ಕಾರದ ಕೆಲಸವಾಗಿದೆ. ಓಣಿಗೊಬ್ಬ ಒಡನಾಡಿ, ಒಡನಾಡಿಗೆ ನಲವತ್ತು ಮನೆ. ಕೆಲಸ ಬಿಡುವಾಗ ಪ್ರತಿ ಒಡನಾಡಿಯೂ ತನಗೆ ದಾರಿ ತೋರಿಸಿದ ಹಿರಿಯರೊಬ್ಬರಿಗೆ ಕಾಗದ ಬರೆದಿಡಬೇಕೆಂಬ ಪದ್ಧತಿ ಇದೆ. ಅದನ್ನು ಹಿಂದೋಲೆ ಎನ್ನುತ್ತೇವೆ; ತೀರಿಕೊಂಡವರಿಗಾದರೆ, ಅವರ ಕಾಲದಲ್ಲೇ ಅವರ ಕೈಗೆ ಸಿಗುತ್ತದೆಂದು ಭಾವಿಸಿ ಬರೆಯುತ್ತೇವೆ. ಹೆಚ್ಚಿನವರು ನಾಲ್ಕು ಸಾಲು ಹೊಗಳಿ ಮುಗಿಸುತ್ತಾರೆ. ನನಗೆ ಹೊಗಳುವ ತ್ರಾಣವಿಲ್ಲ. ದಣಿದಿದ್ದೇನೆ ಅಕ್ಕಾರೆ, ಮೂವತ್ತೊಂದು ವರ್ಷ ಬೇರೆಯವರ ಮನೆಯ ಅಳು ಕೇಳಿ ಕಿವಿ ಸೋತಿವೆ.

ನಮ್ಮ ದಿನ ಹೇಗಿರುತ್ತದೆಂದರೆ, ಮಕ್ಕಳ ಶಾಲೆ ಬೆಳಗಿನ ಐದಕ್ಕೆ ಶುರುವಾಗಿ ಒಂಬತ್ತಕ್ಕೆ ಬಿಡುತ್ತದೆ. ಹತ್ತರಿಂದ ನಾಲ್ಕರವರೆಗೆ ಯಾರೂ ಬಿಸಿಲಿಗೆ ಬರುವುದಿಲ್ಲ, ಇಡೀ ಓಣಿ ತಂಪುಮನೆಯಲ್ಲಿರುತ್ತದೆ. ಅದು ಅರ್ಧ ನೆಲದೊಳಗೆ ತೋಡಿ ಕಟ್ಟಿದ ದೊಡ್ಡ ಪಡಸಾಲೆ. ಅಲ್ಲೇ ಮಗ್ಗಗಳು, ಅಲ್ಲೇ ಮುದುಕರ ಕೆಮ್ಮು, ಅಲ್ಲೇ ಜಗಳ. ಹೊತ್ತು ಇಳಿದ ಮೇಲೆ ಮನೆಗಳಿಗೆ ಹೋಗಿ ರೊಟ್ಟಿ ಬಡಿಯುತ್ತಾರೆ. ದೀಪ ಹಚ್ಚಿದ ಕೂಡಲೇ ಮನೆಮಂದಿಯೆಲ್ಲ ಸುತ್ತ ಕೂತು ಒಬ್ಬರನ್ನೊಬ್ಬರು ನಿಮ್ಮ ಪ್ರಶ್ನೆ ಕೇಳಬೇಕು: ನಿನ್ನೊಳಗೆ ಈಗ ಏನು ನಡೆದಿದೆ? ಕೇಳಿದವರು ಉತ್ತರಕ್ಕೆ ಉಪದೇಶ ಸೇರಿಸಬಾರದು, ಸಿಟ್ಟಾಗಬಾರದು, ಬೈಯಬಾರದು. ನಿಮ್ಮ ನೋಟ್‌ಬುಕ್ಕಿನ ನಕಲಿನಿಂದ ನಮಗೆ ಬಂದ ಇದನ್ನು ಕಲಿಸುವುದೇ ನನ್ನ ಅರ್ಧ ಕೆಲಸ.

ಇನ್ನರ್ಧ ಮನದಾರ. ಇದು ಹದಿನಾಲ್ಕು ವರ್ಷದ ಒಳಗಿನ ಮಕ್ಕಳ ಮಣಿಕಟ್ಟಿಗೆ ಕಟ್ಟುವ ದಾರ. ಮಗು ನೆಮ್ಮದಿಯಾಗಿದ್ದರೆ ಹಸಿರು, ಕಳವಳವಾದರೆ ಹಳದಿ, ತಡೆಯಲಾರದಷ್ಟಾದರೆ ಕೆಂಪು. ಸತತ ನೂರು ದಿನ ಹಸಿರಿದ್ದ ಮನೆಗೆ ಒಡನಾಡಿ ಸಹಿ ಹಾಕಿ, ‘ಹದಗೊಂಡ ಮನೆ’ ಎಂಬ ಹಿತ್ತಾಳೆಯ ಫಲಕವನ್ನು ಬಾಗಿಲಿಗೆ ಹೊಡೆಸುತ್ತಾಳೆ. ಜನಕ್ಕೆ ಆ ಫಲಕದ ಮೇಲೆ ಬಹಳ ಮೋಹ, ಹೆಣ್ಣು ನೋಡಲು ಬಂದವರು ಮೊದಲು ಬಾಗಿಲು ನೋಡುತ್ತಾರೆ. ಫಲಕ ಸಿಕ್ಕ ಮನೆಗೆ ಐದು ವರ್ಷ ಯಾವ ಒಡನಾಡಿಯೂ ಹೋಗುವಂತಿಲ್ಲ. ನೋಡಬೇಕಾದ ಮನೆಗಳು ಬಹಳ, ನಾವು ಕಡಿಮೆ. ಅದಕ್ಕೆ ಈ ನಿಯಮ.

ಅಂದಾನಪ್ಪನದು ನನ್ನ ಮೂವತ್ತೇಳನೆಯ ಮನೆ. ನಿಮ್ಮ ಕಾಲದವರು ಗುಡ್ಡದ ಮೇಲೆ ನಿಲ್ಲಿಸಿದ ಗಾಳಿಯಂತ್ರಗಳನ್ನು ಬಿಚ್ಚಿ ಇಳಿಸುವುದು ಅವನ ಉದ್ಯೋಗ. ಹೆಂಡತಿ ನಿಂಬೆವ್ವ ಸೀರೆ ನೇಯುತ್ತಾಳೆ. ಮಗಳು ಇಂದ್ರಾಣಿಗೆ ಒಂಬತ್ತು ವರ್ಷ. ಅವಳಿಗೊಬ್ಬ ತಮ್ಮನಿದ್ದ, ಎಂಟು ತಿಂಗಳ ಕೂಸು. ಹೋದ ವರ್ಷ ಮೊದಲನೇ ಬೇಸಿಗೆಯಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋಯಿತು. ಅಂದಾನಪ್ಪ ಮಾತು ಬಿಟ್ಟ. ನಿಂಬೆವ್ವ ಒಲೆ ಹಚ್ಚುವುದನ್ನು ಬಿಟ್ಟಳು, ತಲೆ ಬಾಚುವುದನ್ನು ಬಿಟ್ಟಳು. ಓಣಿಯವರು ಹನ್ನೆರಡು ದಿನ ರೊಟ್ಟಿ ಪಲ್ಯ ಕೊಟ್ಟು, ಹದಿಮೂರನೆಯ ದಿನ ನನ್ನನ್ನು ಕರೆದರು.

ನಮ್ಮಲ್ಲಿ ಮೊದಲ ಮೂರು ಸಲ ಒಡನಾಡಿ ಬಾಯಿ ಬಿಡುವ ಹಾಗಿಲ್ಲ. ಸುಮ್ಮನೆ ಹೋಗಿ ಮನೆಯವರ ಕೆಲಸದಲ್ಲಿ ಕೈಜೋಡಿಸಬೇಕು. ನಾನು ಜೋಳ ಹಸನು ಮಾಡಿದೆ. ನಾಲ್ಕನೆಯ ಸಲ ನಿಂಬೆವ್ವ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಆಮೇಲೆ ಪಾಠ ಶುರುವಾಯಿತು. ದೊಡ್ಡವರಿಬ್ಬರಿಗೆ ಪ್ರಶ್ನೆ ಬಾಯಿಗೆ ಬರುತ್ತಿರಲಿಲ್ಲ, ಇಂದ್ರಾಣಿಗೆ ಒಂದೇ ದಿನಕ್ಕೆ ಬಂತು. ದಾರ ಹಳದಿಗೆ ತಿರುಗಿದಾಗ ನಾಲ್ಕು ಎಣಿಸಿ ಉಸಿರು ಎಳೆದು, ನಾಲ್ಕು ಎಣಿಸಿ ಬಿಡುವುದನ್ನು ಕಲಿಸಿದೆ. ಅದನ್ನೂ ಕಲಿತಳು. ನನ್ನ ನಲವತ್ತು ಮನೆಗಳಲ್ಲಿ ಇಷ್ಟು ಶಾಣ್ಯಾ ಹುಡುಗಿ ಇನ್ನೊಬ್ಬಳಿಲ್ಲ ಎಂದು ಕಚೇರಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ. ಒಂದು ವರ್ಷದಲ್ಲಿ ಅಂದಾನಪ್ಪ ಗುಡ್ಡ ಹತ್ತಿದ, ನಿಂಬೆವ್ವ ಮಗ್ಗ ಹತ್ತಿದಳು, ದಾರ ನೂರು ದಿನ ಹಸಿರಿತ್ತು. ಸಹಿ ಹಾಕಿದೆ. ಫಲಕ ಬಡಿದ ದಿನ ನಿಂಬೆವ್ವ ಓಣಿಗೆಲ್ಲ ಮಾದಲಿ ಹಂಚಿದಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಹದಿನೈದು ದಿನದ ಹಿಂದೆ ಆ ಓಣಿಯಲ್ಲಿ ಇನ್ನೊಂದು ಮನೆಗೆ ಹೋಗಿದ್ದೆ. ಬರುವಾಗ ಇವರ ಬಾಗಿಲು ತೆರೆದಿತ್ತು, ದೀಪ ಹಚ್ಚಿದ್ದರು. ಮಾತಾಡಿಸಿ ಹೋಗೋಣವೆಂದು ಹೊಸ್ತಿಲ ಹತ್ತಿರ ಹೋದವಳು ಅಲ್ಲೇ ನಿಂತೆ. ಇಂದ್ರಾಣಿ ಅಪ್ಪನ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತಲೆಯನ್ನು ನನ್ನ ಹಾಗೆಯೇ ಒಂದು ಕಡೆ ವಾಲಿಸಿದ್ದಳು, ದನಿಯೂ ನನ್ನದೇ. “ಅಪ್ಪಾ, ನಿನ್ನೊಳಗ ಈಗ ಏನ್ ನಡದೈತಿ?” ಎಂದಳು. ಅಂದಾನಪ್ಪ ಮಾತಾಡಿದ, ಅತ್ತ. ಹುಡುಗಿ ಅವನ ಬೆನ್ನು ಸವರಿದಳು. ಆಮೇಲೆ ತಾಯಿಯ ಕಡೆ ತಿರುಗಿ ಅದನ್ನೇ ಕೇಳಿದಳು. ನಿಂಬೆವ್ವನೂ ಹೇಳಿದಳು, ಅತ್ತಳು, ಮೂಗು ಒರೆಸಿಕೊಂಡು ರೊಟ್ಟಿ ಬಡಿಯಲು ಎದ್ದಳು. ಅಲ್ಲಿಗೆ ಮುಗಿಯಿತು. ಹುಡುಗಿ ಎದ್ದು ತಾಟು ಹಾಕಿದಳು. ಅವಳನ್ನು ಯಾರೂ ಕೇಳಲಿಲ್ಲ.

ಅವಳು ಹೊರಗೆ ನೀರು ತುಂಬಲು ಬಂದಾಗ ನಾನೇ ಕೇಳಿದೆ. ನಿನ್ನನ್ನ ಯಾರು ಕೇಳ್ತಾರವ್ವಾ?

“ನನಗ ಯಾಕ್ ಕೇಳ್ಬೇಕ್ರಿ ಅಕ್ಕಾರ? ನನ್ ದಾರ ಹಸರ ಐತಲ್ಲ.”

ಯಾವಾಗಲೂ ಹಸಿರೇ ಇರುತ್ತದೆಯೇ ಎಂದೆ.

“ನೀವ ಕಲಿಸೀರಲ್ರಿ, ನಾಲ್ಕು ಎಣಸೂದು. ತಮ್ಮ ನೆನಪಾದ್ರ ಎಣಸ್ತೀನಿ. ರಾತ್ರಿನೂ ಎಣಸ್ತೀನಿ. ದಾರ ಕೆಂಪಾದ್ರ ಅವ್ವ ಮತ್ತ ಅಡಿಗಿ ಬಿಡ್ತಾಳ್ರಿ.”

ದೀಪದ ಬುಡದಲ್ಲೇ ಕತ್ತಲೆ ಎಂದು ಹೊಸ ಒಡನಾಡಿಗಳಿಗೆ ಪಾಠ ಹೇಳುವಾಗ ನೂರಾರು ಸಲ ಅಂದಿದ್ದೇನೆ, ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ. ಆ ಮನೆಯ ನಿಜವಾದ ಒಡನಾಡಿ ಒಂಬತ್ತು ವರ್ಷದ ಕೂಸು. ತಂದೆತಾಯಿಯ ದುಃಖವನ್ನು ತಾನು ಹೊತ್ತು, ತನ್ನದನ್ನು ಉಸಿರಿನಲ್ಲಿ ಅದುಮಿಟ್ಟುಕೊಂಡಿದ್ದಳು. ಅದುಮುವ ವಿದ್ಯೆ ಕಲಿಸಿದವಳು ನಾನು. ಬಾಗಿಲು ಐದು ವರ್ಷ ಮುಚ್ಚಿದವಳೂ ನಾನು. ಐದು ವರ್ಷದ ಮೇಲೆ ಅವಳಿಗೆ ಹದಿನಾಲ್ಕು ತುಂಬುತ್ತದೆ, ದಾರ ಬಿಚ್ಚುತ್ತಾರೆ, ಅಳುವುದು ಹೇಗೆಂದೇ ಆಗ ಅವಳಿಗೆ ಮರೆತಿರುತ್ತದೆ.

ಸಹಿ ಹಿಂದಕ್ಕೆ ತೆಗೆದುಕೊಂಡರೆ ಬಾಗಿಲು ತೆರೆಯುತ್ತದೆ, ಆದರೆ ಸಹಿ ಹಾಕಿದವಳ ಹೆಸರು ಒಡನಾಡಿಗಳ ಪಟ್ಟಿಯಿಂದ ಹೋಗುತ್ತದೆ, ಕೆಲಸವೂ ಅಲ್ಲಿಗೆ ಮುಗಿಯುತ್ತದೆ. ಕಚೇರಿಯ ಗೆಳತಿ ಶಾರವ್ವ ಕೈಮುಗಿದಳು. “ಸುಮ್ನಿರ್ರಿ ಅಕ್ಕಾರ, ಇನ್ನೆರಡ ವರ್ಷಕ್ಕ ನಿವೃತ್ತಿ ಐತಿ. ಹುಡುಗ್ರು ದೊಡ್ಡವರಾದ್ರ ತಾವಽ ಸರಿ ಹೋಗ್ತಾವು,” ಎಂದಳು. ಅಂದಾನಪ್ಪನಿಗೆ ಹೇಳಲು ಹೋದರೆ ಅವನು ಕೆಂಡವಾದ. ನಮ್ಮ ಮಗಳು ಆರಾಮ ಇದ್ದಾಳೆ, ಬಾಗಿಲಿನ ಫಲಕ ಕಿತ್ತು ನಮ್ಮ ಮಾನ ಕಳೆಯಬೇಡಿ ಎಂದ. ಮೂರು ದಿನ ನನಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಹೋಗಿ ಸಹಿ ಹಿಂದಕ್ಕೆ ತೆಗೆದುಕೊಂಡೆ. ಇದರಲ್ಲಿ ಶೌರ್ಯವೇನಿಲ್ಲ ಅಕ್ಕಾರೆ, ಮಾಡಿದ್ದುಣ್ಣೋ ಮಹಾರಾಯ ಅಷ್ಟೇ.

ಹೊಸಬಳು ಬರುವವರೆಗೆ ಹತ್ತು ದಿನ ನಾನೇ ಹೋಗಬಹುದೆಂದರು. ಮತ್ತೆ ಮೂರು ದಿನ ಬಾಯಿ ಮುಚ್ಚಿ ಕೂತೆ. ಅಂದಾನಪ್ಪ ನನ್ನ ಕಡೆ ಬೆನ್ನು ಮಾಡಿ ಕೂರುತ್ತಿದ್ದ. ನಾಲ್ಕನೆಯ ದಿನ ಇಂದ್ರಾಣಿ ಮಜ್ಜಿಗೆಯ ಗಡಿಗೆ ಎತ್ತಿಕೊಂಡು ಬರುವಾಗ ಕೈ ಜಾರಿತು. ಗಡಿಗೆ ಒಡೆದು ನೇಯ್ದಿಟ್ಟ ಸೀರೆಯ ಮೇಲೆಲ್ಲ ಮಜ್ಜಿಗೆ ಹರಿಯಿತು. ನಿಂಬೆವ್ವ ನಾನು ಕಲಿಸಿದ ಮೆತ್ತನೆಯ ದನಿಯಲ್ಲಿ, “ಇರ್ಲಿ ಬಿಡವ್ವಾ, ಏನೂ ಆಗಿಲ್ಲ,” ಎಂದಳು. ಹುಡುಗಿ ನಾಲ್ಕು ಎಣಿಸಲು ಶುರು ಮಾಡಿ ಎರಡಕ್ಕೆ ನಿಂತಳು.

“ಬೈಯವ್ವಾ!” ಎಂದು ಚೀರಿದಳು. “ಮೊದಲೆಲ್ಲಾ ಬೈತಿದ್ದಿ! ತಮ್ಮ ಇದ್ದಾಗ ಬೈತಿದ್ದಿ! ನನಗ ಬೈ!”

ನಿಂಬೆವ್ವ ನನ್ನ ಮುಖ ನೋಡಿದಳು. ಮೂವತ್ತೊಂದು ವರ್ಷದಲ್ಲಿ ಕಲಿತದ್ದೆಲ್ಲ ಬೈಯಬೇಡ ಎನ್ನುತ್ತಿತ್ತು. ನಾನು ನೆಲ ನೋಡಿದೆ. ಆಮೇಲೆ ನಿಂಬೆವ್ವನ ಬಾಯಿಂದ ಬಂತು ನೋಡಿ, “ಕಣ್ಣು ಎಲ್ಲಿಟ್ಟೀದಿ ಕತ್ತಿ, ಎರಡ ತಿಂಗಳ ನೇದ ಸೀರಿ ಹಾಳ ಮಾಡಿದೆಲ್ಲಾ!” ಬೈಯುತ್ತ ಬೈಯುತ್ತಲೇ ಮಗಳನ್ನು ಬಾಚಿ ಅಪ್ಪಿಕೊಂಡಳು. ಹುಡುಗಿ ತಮ್ಮನ ಹೆಸರು ಹಿಡಿದು, ಕೂಸುಗಳು ಅಳುವ ಹಾಗೆ ಬಾಯಿ ತೆರೆದು ಅತ್ತಳು. ದಾರ ರಕ್ತದಷ್ಟು ಕೆಂಪಾಗಿತ್ತು. ನನಗಾದದ್ದನ್ನು ಸಂತೋಷವೆಂದೇ ಕರೆಯಬೇಕು.

ಮರುದಿನ ಕಚೇರಿಯಲ್ಲಿ ನಿಮ್ಮ ನೋಟ್‌ಬುಕ್ಕಿನ ಮೂಲಪ್ರತಿ ತೆಗೆಸಿ ನೋಡಿದೆ. ನೀವು ಬರೆದದ್ದು ‘ಬೈಯುವ ಮೊದಲು ಒಮ್ಮೆ ಕೇಳಿ’ ಎಂದು. ಕಚೇರಿಯಿಂದ ಕಚೇರಿಗೆ ನಕಲಾಗಿ ನಮ್ಮ ಕೈಗೆ ಬಂದಾಗ ‘ಬೈಯಬೇಡಿ’ ಎಂದಷ್ಟೇ ಉಳಿದಿತ್ತು. ಆ ತಪ್ಪು ನಿಮ್ಮದಲ್ಲ. ಆದರೂ ಒಂದು ಬೇಡಿಕೆ ಇದೆ, ಕಿರಿಯಳ ಮಾತೆಂದು ನಡೆಸಿಕೊಡಿ. ಬರುವ ಶನಿವಾರ ತಾಯಂದಿರು ಬಂದಾಗ, ತಂಟೆ ಮಾಡುವ ಮಕ್ಕಳ ಬಗ್ಗೆ ಅವರು ದೂರು ಹೇಳುತ್ತಾರೆ. ಅದನ್ನು ಕೇಳಿ. ಮುಗಿದ ಮೇಲೆ, ಯಾವ ಮಗುವಿನ ಬಗ್ಗೆ ಒಂದು ದೂರೂ ಬರಲಿಲ್ಲ ಎಂದು ಗುರುತು ಹಾಕಿಕೊಂಡು ಮೊದಲು ಆ ಮನೆಗೆ ಹೋಗಿ. ಕಲಿಸಲು ಹೋಗಬೇಡಿ, ಸುಮ್ಮನೆ ಕೂತು ಬನ್ನಿ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ನಕಲು ಮಾಡುವವರಿಗೆ ಬಿಡಲು ಬಾರದಷ್ಟು ದಪ್ಪ ಅಕ್ಷರದಲ್ಲಿ ಬರೆಯಿರಿ.

ನಿನ್ನೆ ನನ್ನ ಹತ್ತನೆಯ ದಿನ. ಹೊಸ ಒಡನಾಡಿಯನ್ನು ಕರೆದುಕೊಂಡು ಹೋಗಿ ಮನೆ ತೋರಿಸಿದೆ. ಬಾಗಿಲಲ್ಲಿ ಫಲಕ ಕಿತ್ತ ಎರಡು ಮೊಳೆಯ ತೂತು ಇದ್ದವು. ಅಂದಾನಪ್ಪ ನನ್ನೊಂದಿಗೆ ಇನ್ನೂ ಮಾತಾಡಿಲ್ಲ, ಮಾತಾಡುತ್ತಾನೆಂಬ ಆಸೆಯೂ ನನಗಿಲ್ಲ. ದೀಪ ಹಚ್ಚಿದರು. ಅವನು ರೂಢಿಯ ಹಾಗೆ ಮಗಳ ಎದುರು ಬಂದು ಕೂತು ಕಾದ. ಇಂದ್ರಾಣಿ ಹೊರಗೆ ಕೂಗುತ್ತಿದ್ದ ಹುಡುಗಿಯರ ಕಡೆ ಒಮ್ಮೆ ನೋಡಿದಳು, ಅಪ್ಪನ ಕಡೆ ಒಮ್ಮೆ ನೋಡಿದಳು.

“ಇವತ್ತ ಅವ್ವ ಕೇಳ್ತಾಳ ಅಪ್ಪಾ, ನಾ ಆಡಾಕ ಹೊಕ್ಕೀನಿ,” ಎಂದು ಹೇಳಿ, ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದಳು.

ನಿಮ್ಮ
ಕಳಕವ್ವ ಹೊಂಬಳ