ಕತ್ತರಿಸಿದ ಕಾಳು

ನವೆಂಬರ್ ೧೪, ಗುರುವಾರ

ಕೊನೆಗೂ ಇವತ್ತು ಅವಳ ಲೋಹದ ಕಾಳನ್ನು ಕತ್ತರಿಸಿಬಿಟ್ಟೆ. ನಮ್ಮ ಮದುವೆಯಾದ ವರ್ಷ, ಹೊಳೆಯ ಮರಳಿನಲ್ಲಿ ದಾರ ಕಟ್ಟಿದ ಅಯಸ್ಕಾಂತ ಎಳೆಯುತ್ತಾ ಹೋದವಳಿಗೆ ಅದು ಅಯಸ್ಕಾಂತಕ್ಕೆ ಅಂಟಿಕೊಂಡು ಸಿಕ್ಕಿತ್ತು. ಕಡಲೆಕಾಳಿನಷ್ಟು, ಬೆಳ್ಳಗೆ, ಗಾತ್ರಕ್ಕೆ ಮೀರಿದ ಭಾರ.

"ಆಕಾಶದಿಂದ ಬಿದ್ದಿದ್ದು ಕಣೋ," ಅಂದಳು. ಯಾವುದೋ ಮೋಟಾರಿನ ಚೂರು ಅಂದೆ ನಾನು. ಸೋತವರು ಜೀವನಪೂರ್ತಿ ಬೆಳಗಿನ ಚಹಾ ಮಾಡಬೇಕೆಂದು ಪಂಥವಾಯಿತು. ಆದರೆ ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಒಯ್ಯಲು ಅವಳು ಬಿಡಲೇ ಇಲ್ಲ. "ಕುಯ್ದು ನೋಡಿಬಿಟ್ರೆ ಆಮೇಲೆ ಜಗಳ ಆಡೋಕೆ ಏನಿರುತ್ತೆ?"

ಜಗಳಕ್ಕೆ ಬೇರೆ ಬೇಕಾದಷ್ಟು ಸಿಕ್ಕಿತು. ಮನೆ ಬಿಟ್ಟು ಹೋಗುವಾಗ ಕಾಳನ್ನು ಮಾತ್ರ ನನ್ನ ಮೇಜಿನ ಮೇಲಿಟ್ಟಿದ್ದಳು.

ಇವತ್ತು ಅಲ್ಲಿ ಕತ್ತರಿಸಿ ಉಜ್ಜುವ ಯಂತ್ರದವನು, ನಿಜಕ್ಕೂ ಕತ್ತರಿಸಲೇ ಎಂದು ಎರಡು ಸಲ ಕೇಳಿದ. "ಅರ್ಧ ಪುಡಿಯಾಗಿ ಹೋಗುತ್ತೆ ಸಾರ್. ಆಮೇಲೆ ನನ್ನ ಬೈಬೇಡಿ."

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚಿಗೆ ಹಸಿರು ಕಲ್ಲು ಕಚ್ಚಿಕೊಂಡಿದೆ. ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ನಿಕ್ಕಲ್, ಉಳಿದದ್ದು ಕಬ್ಬಿಣ. ಅವರುವೈಟ್ ಎಂಬ ಖನಿಜ. ಆಕಾಶದ್ದೂ ಅಲ್ಲ, ಮೋಟಾರಿನದೂ ಅಲ್ಲ. ನೆಲದಾಳದಲ್ಲಿ ಕಲ್ಲಿನೊಳಕ್ಕೆ ನೀರಿಳಿದು, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಾದ ಕಡೆ ತಾನಾಗಿಯೇ ಹುಟ್ಟುವ ಮಿಶ್ರಲೋಹ. ಹೊಳೆಗೆ ಬಂದ ಮೇಲೂ ತುಕ್ಕು ಹಿಡಿಯದು. ಇಂಥದ್ದು ಕೈಗೆ ಸಿಗುವುದೇ ಅಪರೂಪ, ಖುಷಿಯಾಗಬೇಕಿತ್ತು.

ಮಿಕ್ಕ ಅರ್ಧ ಈಗ ಇಲ್ಲಿದೆ, ಫೋನಿನ ಪಕ್ಕದಲ್ಲಿ. ಸಂಜೆಯಿಂದ ಅವಳ ನಂಬರ್ ತೆಗೆಯುತ್ತೇನೆ, ಮುಚ್ಚುತ್ತೇನೆ. ಇಬ್ಬರೂ ಸೋತೆವು ಎಂದು ಹೇಳಿದರೆ ಮುಗಿಯಿತು, ಆಮೇಲೆ ಹೇಳುವುದಕ್ಕೇನೂ ಇರುವುದಿಲ್ಲ. ಆದರೂ, ಇಬ್ಬರೂ ಸೋತರೆ ಚಹಾ ಯಾರು ಮಾಡಬೇಕೆಂದು ನಾವು ಮಾತಾಡಿಕೊಂಡೇ ಇರಲಿಲ್ಲ. ಅದನ್ನಾದರೂ ಕೇಳಬಹುದು. ಬೆಳಿಗ್ಗೆ, ಅವಳು ಎದ್ದಿರುವ ಹೊತ್ತಿಗೆ ಫೋನ್ ಮಾಡುತ್ತೇನೆ.