ಬಂದೂಕಿನ ಕೊಂಡಿ

ಗಜೇಂದ್ರಗಡ, 9 ಜನವರಿ 2004, ಶುಕ್ರವಾರ

ಹೊಲ ಕಾಯುವ ಈಶಪ್ಪನ ಬಂದೂಕಿನ ಕೊಂಡಿ ಇವತ್ತು ಕೈಕೊಟ್ಟಿತು. ಎಳೆದ ಕೂಡಲೇ ಹೆಗಲಪಟ್ಟಿಯಿಂದ ಬಂದೂಕು ಬಿಚ್ಚಿಕೊಳ್ಳಲೆಂದು ನಾನೇ ಮಾಡಿಕೊಟ್ಟದ್ದು. ಸವಡಿಯ ಹೊಲದಲ್ಲಿ ಹಂದಿ ಮೈಮೇಲೆ ಬಂದಾಗ ಬಿಚ್ಚಲೇ ಇಲ್ಲವಂತೆ. "ಮಣ್ಣ ಹೊಕ್ಕಿತ್ತೋ ಖಾದರಾ, ಗಿಡಾ ಏರಿ ಉಳಕೊಂಡ್ನಿ," ಎಂದ.

ಅದೇ ಕೊಂಡಿಯನ್ನು ಕಾಗದದ ಕಾರ್ಖಾನೆಯ ರೋಲರಿಗೂ ಹಾಕಿದ್ದೇನೆ. ಕೈ ಸಿಕ್ಕರೆ ಅದನ್ನು ಎಳೆಯಬೇಕು, ಮೇಲಿನ ರೋಲರ್ ಏಳುತ್ತದೆ. ಅಲ್ಲಿ ಮಣ್ಣಿಲ್ಲ, ಖರೆ. ಆದರೆ ಕಾಗದಕ್ಕೆಂದು ಅರೆದ ಬಟ್ಟೆ ಚಿಂದಿಯ ರಾಡಿ ಕೊಂಡಿಯ ಮೇಲೆ ಸಿಡಿಯುತ್ತದಲ್ಲ! ಒಣಗಿದರೆ ಗಾರೆಯಷ್ಟು ಗಟ್ಟಿ.

ರೋಲರಿಗೆ ಹಾಳೆ ಕೊಡುವವಳು ನನ್ನ ಹೆಂಡತಿ ಜಬೀನ. ಅಲ್ಲಾನ ದಯೆ, ಇಲ್ಲೇ ಮಲಗಿದ್ದಾಳೆ. "ನಾಳೆ ಹೋಗಬ್ಯಾಡ," ಎಂದೆ.

"ಯಾಕ್ರಿ? ನಿಮ್ಮ ಕೊಂಡಿ ಐತಲ್ಲ. ಕಟಗಿಲೆ ನೂಕೂದು ಬಿಟ್ಟು ಕೈಲೇ ಹಾಳಿ ಕೊಡಾಕತ್ತೇನಿ. ಶೈಲಶ್ರೀಗೂ ಹಂಗ ಮಾಡಂದೇನಿ. ಇವತ್ತ ರಾತ್ರಿ ಪಾಳಿ ಆಕಿದ."

ಈ ಹೊತ್ತಿಗೆ ಶೈಲಶ್ರೀ ರೋಲರಿನ ಮುಂದೆ... ಸೈಕಲ್ ತೆಗೆಯಬೇಕು, ಕಾರ್ಖಾನೆಗೆ