ಮಡಿನೀರಿನಲ್ಲಿ ಮೆತ್ತಗಾದ ಅಂಗೈ

ಪ್ರೀತಿಯ ಮಾಸ್ತರರಿಗೆ, ನಿಮ್ಮ ಎಡಗೈ ಹುಡುಗಿಯ ನಮಸ್ಕಾರ.

ಇಂಡಿ ಊರಿನ ಶಾಲೆಯಲ್ಲಿ ನಾನು ಎಡಗೈಯಿಂದ ಬರೆಯುವುದನ್ನು ಕಂಡು ಎಲ್ಲರೂ ನಕ್ಕ ದಿನ ನೆನಪಿದೆಯೇ? "ಕೈ ಯಾವುದಾದ್ರೇನು, ಅಕ್ಷರ ದುಂಡಗಿದ್ರ ಸಾಕು" ಎಂದು ಗದರಿದಿರಿ. ಅಂಥ ನೀವೇ, ಪಾರ್ಶ್ವವಾಯು ಬಡಿದು ಬಲಗೈ ಮುಷ್ಟಿ ಕಟ್ಟಿದಾಗ, ಎಡಗೈಯಲ್ಲಿ ತೀರ್ಥ ತೆಗೆದುಕೊಳ್ಳಲು ಒಪ್ಪಲಿಲ್ಲ. "ಆ ಮಾತು ಬರಿಯೂದಕ್ಕ, ತಂಗಿ. ತೀರ್ಥಕ್ಕಲ್ಲ" ಎಂದು ತೊದಲಿದಿರಿ. ನಿಮ್ಮ ಹಟಕ್ಕೆ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಬಲ ಅಂಗೈ ಬಿಚ್ಚಿ ಅದರಲ್ಲಿ ಒಂದು ಉದ್ಧರಣೆ ತೀರ್ಥ ನಿಲ್ಲಬೇಕು, ಅಷ್ಟೇ ನಿಮ್ಮ ಆಸೆ.

ಬೆರಳುಗಳನ್ನು ಬಿಚ್ಚಿ ಹಿಡಿಯಲು ಮೊದಲ ಸ್ಪ್ಲಿಂಟ್ ಮಾಡಿದ ಶನಿವಾರ, ಸಿಂದಗಿಯ ಆಸ್ಪತ್ರೆಯಲ್ಲಿ ರೋಗಿಗಳ ಕೈಗೆ ಇಂಥ ಆಧಾರ ಕಟ್ಟುವ ನನ್ನ ಕೆಲಸ ಮುಗಿಸಿ, ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನಿಮ್ಮ ಮನೆಗೆ ಬಂದೆ. ಬಿಸಿನೀರಿನಲ್ಲಿ ಅದ್ದಿದೊಡನೆ ಅದು ಮೆತ್ತಗಾಗಿ, ಗಾಜಿನಂತೆ ತಿಳಿಯಾಯಿತು. ನಿಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದರ ಮೇಲಿಟ್ಟು ಹಿಡಿದೆ. ತಣಿಯುವವರೆಗೆ ಕೈ ಸಡಿಲಿಸಲಿಲ್ಲ. ಅದು ಮತ್ತೆ ಬೆಳ್ಳಗಾದಾಗ ನಿಮ್ಮ ಅಂಗೈಯ ತಗ್ಗು ಅದರಲ್ಲಿ ಉಳಿದಿತ್ತು.

ಮುಂದಿನ ಶನಿವಾರ ನಿಮ್ಮ ಹೆಂಡತಿ, ನನ್ನ ಕಾಕು, ಬಾಗಿಲಲ್ಲೇ ನಿಂತಿದ್ದರು. ದೇವರ ಕೋಣೆಗೆ ಒಯ್ಯುವ ಮೊದಲು ಸ್ಪ್ಲಿಂಟನ್ನೂ ಮಡಿ ಮಾಡಬೇಕೆಂದು ಅದನ್ನು ಕುದಿಯುವ ಹಂಡೆಗೆ ಹಾಕಿಬಿಟ್ಟಿದ್ದರು! "ಬಸ್ಸಿನ್ಯಾಗ ಯಾರ್ಯಾರು ಮುಟ್ಟಿರ್ತಾರೋ ಅಂತ... ನೋಡನೋಡೂದ್ರಾಗ ಚಪ್ಪಟಿ ಆತವಾ."

"ತಣ್ಣೀರಾಗ ತೊಳೀರಿ ಅಂತ ಹೇಳಿದ್ನಲ್ರಿ ಕಾಕು!" ಎಂದು ರೇಗಿದೆ. ಪಾಪ, ತಲೆ ತಗ್ಗಿಸಿದರು. ಆ ವಾರವೆಲ್ಲ ಸ್ಪ್ಲಿಂಟ್ ಇಲ್ಲದೆ ನಿಮ್ಮ ಮುಷ್ಟಿ ಮತ್ತೆ ಬಿಗಿದುಕೊಂಡಿತ್ತು. ನಿಜ ಹೇಳಲೇ, ಮಾಸ್ತರರೇ? ನಾನು ಹೇಳಿರಲಿಲ್ಲ. ಮರೆತಿದ್ದೆ. ತಪ್ಪನ್ನು ಅವರ ಮೇಲೆ ಹೊರಿಸಿ, ಅವರೇ ಮಡಿಯಲ್ಲಿ ತುಂಬಿಟ್ಟ ನೀರಿನಲ್ಲಿ ಅದೇ ಹಾಳೆಯಿಂದ ಮತ್ತೆ ಮಾಡಿಕೊಟ್ಟೆ. "ಮಡಿನೀರಾಗ ಹುಟ್ಟಿದ್ದಕ್ಕ ಇನ್ನ ಮೈಲಿಗಿ ಎಲ್ಲೀದು?" ಎಂದು ನೀವು ನಕ್ಕಿರಿ. ನನಗೆ ನಗು ಬರಲಿಲ್ಲ.

ಆಮೇಲೊಂದು ಬೆಳಿಗ್ಗೆ ಕಾಕು ಫೋನ್ ಮಾಡಿದರು. "ನಿಂತತು ತಂಗಿ, ಅಂಗೈಯಾಗ ತೀರ್ಥ ನಿಂತತು!" ಅರ್ಧ ಮೊಳಕೈಗೆ ಹರಿದಿತ್ತಂತೆ, ಇರಲಿ. ಮರುವಾರವೇ ಎರಡನೆಯ ಸಲ ಬಡಿದ ಪಾರ್ಶ್ವವಾಯು ನಿಮ್ಮನ್ನು...

ಈಗಲೂ ಬಸ್ಸು ತಾಂಬಾ ಊರು ದಾಟುವಾಗ ಜೊಂಪು ಹತ್ತಿದರೆ, ಆ ಹಾಳೆ ಇಟ್ಟುಕೊಂಡಿದ್ದ ತೊಡೆಯ ಮೇಲೆ ನಿಮ್ಮ ಕೈ ಇದ್ದಂತಾಗುತ್ತದೆ. ಬೆಚ್ಚಗೆ, ಅರ್ಧ ಬಿಚ್ಚಿಕೊಂಡು. ಕಣ್ಣು ತೆರೆದರೆ ಬರೀ ಬಿಸಿಲು.

ಕಳೆದ ತಿಂಗಳು ಕಾಕು ಕೊಡ ಎತ್ತಲು ಹೋಗಿ ಬಲ ಮಣಿಕಟ್ಟು ಉಳುಕಿಸಿಕೊಂಡರು. ಆಧಾರ ಕಟ್ಟಬೇಕಿತ್ತು, ನನ್ನ ಹತ್ತಿರ ಹಾಳೆ ಮುಗಿದಿತ್ತು. ನಿಮ್ಮ ಧೋತರದಲ್ಲಿ ಸುತ್ತಿಟ್ಟಿದ್ದ ಸ್ಪ್ಲಿಂಟನ್ನು ಅವರೇ ತಂದರು. "ಕುದಿನೀರಿಗೆ ಹಾಕಿದ್ರ ಮತ್ತ ಹಾಳಿ ಆಗ್ತದಲ್ಲಾ? ಹಾಕು." ನನಗೆ ಕೈ ಬರಲಿಲ್ಲ. ನಿಮ್ಮ ಅಂಗೈ ಇನ್ನೂ ಅದರಲ್ಲೇ ಇತ್ತಲ್ಲ! ಏನೋ ಹೇಳಲು ಹೋಗಿ ಮುಚ್ಚಿಟ್ಟಿದ್ದ ಮಾತೇ ಬಾಯಿಗೆ ಬಂತು: "ಕಾಕು, ತಣ್ಣೀರಿನ ಮಾತು ಅವತ್ತ ನಾ ಹೇಳೇ ಇದ್ದಿಲ್ರಿ. ತಪ್ಪು ನಂದು."

"ಗೊತ್ತದವಾ. 'ಹುಡುಗಿ ಮರ್ತಾಳ, ಕೇಳಬ್ಯಾಡ' ಅಂತ ಅವ್ರು ಅವತ್ತೇ ಅಂದಿದ್ರು."

ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ನಕ್ಕಿರೇ?

ಕಾಕು ತಮ್ಮ ಎಡಗೈಯಿಂದಲೇ ಸ್ಪ್ಲಿಂಟನ್ನು ನೀರಿಗೆ ಬಿಟ್ಟರು. ಅದು ತಿಳಿಯಾಗುತ್ತ ಹೋಯಿತು, ನಿಮ್ಮ ಅಂಗೈಯ ತಗ್ಗು ಮೆಲ್ಲಗೆ ಸಮವಾಯಿತು. ನಾವಿಬ್ಬರೂ ನೋಡುತ್ತ ನಿಂತೆವು. ಆಮೇಲೆ ಅದನ್ನು ಅವರ ಮಣಿಕಟ್ಟಿಗೆ ಸುತ್ತಿ, ಮತ್ತೆ ಬೆಳ್ಳಗಾಗುವವರೆಗೂ ಹಿಡಿದುಕೊಂಡಿದ್ದೆ.

ಹೊರಡುವಾಗ ಎರಡು ಸಲ ಹೇಳಿದೆ, ಮಾಸ್ತರರೇ: "ಕಾಕು, ತಣ್ಣೀರಾಗ ತೊಳೀರಿ."